ಅಮ್ಮನ ದಮ್ಮಿಗೆ ಫೋನಿನಲ್ಲೇ ವ್ಯಾಯಾಮ ಹೇಳಿಕೊಟ್ಟರೆ ಸಾಕಾಗುತ್ತದಾ?

ಪ್ರಶ್ನೆ: ನಮ್ಮ ಅಮ್ಮನಿಗೆ 64 ವರ್ಷ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಮ್ಮ ಅಲ್ಲಿ ಅಣ್ಣನ ಜೊತೆ ಇದ್ದಾರೆ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ ಮುಂದೆ ಕೂತವರು. ಕಳೆದ ವರ್ಷ ಹಾಸನದಲ್ಲಿ ಊದುವ ಪರೀಕ್ಷೆ ಮಾಡಿ ಸಿಒಪಿಡಿ (ಗಾಳಿಯ ಕೊಳವೆ ಕಿರಿದಾಗುವ ಬಹುಕಾಲದ ಕಾಯಿಲೆ) ಅಂದರು. ಇನ್ಹೇಲರ್ ನಡೆಯುತ್ತಿದೆ. ಆದರೂ ಕೊಟ್ಟಿಗೆಗೆ ಹೋಗಿ ಬಂದರೆ ದಮ್ಮು. ಕೂತಾಗ ಆಕ್ಸಿಮೀಟರ್ 93 ತೋರಿಸುತ್ತದೆ, ತೋಟದ ಏರು ಹತ್ತಿ ಬಂದರೆ 87. ಡಾಕ್ಟರು ಪಲ್ಮನರಿ ರಿಹ್ಯಾಬ್ (ಉಸಿರಿನ ಕಾಯಿಲೆಯವರಿಗೆ ಕೊಡುವ ವ್ಯಾಯಾಮದ ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ. ಅದಕ್ಕಾಗಿ ವಾರಕ್ಕೆ ಎರಡು ಮೂರು ಸಲ ಹಾಸನಕ್ಕೆ ಬರುವುದು ಆಗದ ಮಾತು. ಫೋನಿನಲ್ಲೇ ಮಾಡಿಸುತ್ತೇವೆ ಅಂತ ಒಬ್ಬ ಫಿಸಿಯೋಥೆರಪಿಸ್ಟ್ ಹೇಳುತ್ತಿದ್ದಾರೆ. ಅಣ್ಣ ಮಾತ್ರ "ಉಸಿರೇ ಸಾಲದವರಿಗೆ ವ್ಯಾಯಾಮ ಯಾಕೆ? ಆಕ್ಸಿಜನ್ ಮಿಷನ್ ತಂದಿಟ್ಟರೆ ಆಯ್ತು" ಅನ್ನುತ್ತಾನೆ. ಮನೆಯೊಳಗೆ ನೆಟ್‌ವರ್ಕ್ ಬರಲ್ಲ, ಕಣದ ಮೇಲ್ತುದಿಗೆ ಹೋದರೆ ಸಿಗುತ್ತದೆ. ಹೀಗೆ ದೂರದಿಂದ ಮಾಡಿಸಿದರೆ ನಿಜಕ್ಕೂ ಉಪಯೋಗ ಇದೆಯಾ? ಅಪಾಯ ಇಲ್ವಾ?
ಓದುಗರೊಬ್ಬರು, ಹಾಸನ

ಉತ್ತರ: ಉಪಯೋಗ ಇದೆ, ಮಾಡಿಸಿ. ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೊದಲ ಪರೀಕ್ಷೆ ಎದುರಾಎದುರೇ ಆಗಬೇಕು. ಆಮೇಲೆ ಪ್ರತಿ ವಾರ ಒಬ್ಬ ಮನುಷ್ಯ ಫೋನ್ ಮಾಡಿ "ಈ ವಾರ ಎಷ್ಟು ನಡೆದಿರಿ" ಅಂತ ಕೇಳಬೇಕು, ಕೇಳಿ ಮುಂದಿನ ವಾರದ ಲೆಕ್ಕ ಏರಿಸಬೇಕು. ಇವೆರಡು ಇದ್ದರೆ ಉಳಿದದ್ದೆಲ್ಲ ನಿಮ್ಮ ಮನೆಯ ಜಗಲಿಯಲ್ಲೇ ಆಗುತ್ತದೆ.

ನಿಮ್ಮ ಅಣ್ಣನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ನನ್ನ ಬಳಿ ಬರುವ ಹೆಚ್ಚಿನ ಮನೆಯವರಿಗೂ ಇದೇ ಅನುಮಾನ. ಉಸಿರಿನ ಕಾಯಿಲೆ ಇದ್ದವರನ್ನು ಓಡಾಡಿಸಿದರೆ ಇನ್ನೂ ಹಾಳಾಗುತ್ತಾರೆ ಅನ್ನುವ ಭಯ. ಪ್ರೀತಿಯಿಂದಲೇ ಒಂದೊಂದು ಕೆಲಸ ಕೈಯಿಂದ ಬಿಡಿಸುತ್ತಾರೆ. ಮೊದಲು ತೋಟ ಬಿಡಿಸುತ್ತಾರೆ. ಆಮೇಲೆ ಕೊಟ್ಟಿಗೆ, ಆಮೇಲೆ ಅಂಗಳ ಗುಡಿಸುವುದು. ಕೊನೆಗೆ ಆ ಅಮ್ಮ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಅಂತ ಆಗಿಬಿಡುತ್ತಾರೆ. ಅಷ್ಟು ಹೊತ್ತಿಗೆ ಶ್ವಾಸಕೋಶ ಮೊದಲಿದ್ದಷ್ಟೇ ಇರುತ್ತದೆ. ಕಾಲಿನ ಶಕ್ತಿ ಹೋಗಿರುತ್ತದೆ.

ಈ ಚಿಕಿತ್ಸೆಯ ಗುಟ್ಟು ಇರುವುದೇ ಕಾಲಿನಲ್ಲಿ. ಸಿಒಪಿಡಿಯಲ್ಲಿ ಹಾಳಾದ ಶ್ವಾಸಕೋಶವನ್ನು ರಿಹ್ಯಾಬ್ ಸರಿಮಾಡುವುದಿಲ್ಲ. ಎರಡು ತಿಂಗಳ ನಂತರ ಊದುವ ಪರೀಕ್ಷೆ ಮಾಡಿಸಿದರೆ ಅಂಕಿಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಆದರೆ ಬಳಸದೆ ಸೊರಗಿದ ತೊಡೆಯ ಮಾಂಸಖಂಡ ಬೇಗ ಸೋಲುತ್ತದೆ. ಸೋತ ಸ್ನಾಯು ಬೇಗನೆ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಆಗ ದೇಹ ಇನ್ನೂ ಜಾಸ್ತಿ ಉಸಿರು ಬೇಡುತ್ತದೆ. ಅದೇ ಸ್ನಾಯುವನ್ನು ಪಳಗಿಸಿದರೆ ಅದೇ ಏರಿಗೆ ಕಡಿಮೆ ಉಸಿರು ಸಾಕಾಗುತ್ತದೆ. ನಿಮ್ಮ ಅಮ್ಮನಿಗೆ ದಮ್ಮು ಕಡಿಮೆಯಾಗುವ ದಾರಿ ಇದು.

ಇನ್ನೊಂದು ಕಾರಣವೂ ಇದೆ. ಸಿಒಪಿಡಿಯಲ್ಲಿ ಕಷ್ಟ ಇರುವುದು ಉಸಿರು ಒಳಗೆ ಎಳೆಯುವುದರಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಕಷ್ಟ ಇರುವುದು ಹೊರಗೆ ಬಿಡುವುದರಲ್ಲಿ. ಗಾಳಿಯ ಕೊಳವೆಗಳು ಕಿರಿದಾಗಿರುವುದರಿಂದ ಒಳಗಿನ ಗಾಳಿ ಪೂರ್ತಿ ಹೊರಗೆ ಬರಲು ಹೊತ್ತು ಬೇಕು. ಅವಸರದಲ್ಲಿ ಹತ್ತಿದಾಗ ಆ ಹೊತ್ತು ಸಿಗುವುದಿಲ್ಲ. ಬಸ್ಸಿನಿಂದ ಜನ ಇಳಿಯದೆ ಹೊಸಬರು ಹತ್ತಲು ನೋಡಿದ ಹಾಗೆ ಆಗುತ್ತದೆ. ಎದೆ ಉಬ್ಬಿ ನಿಲ್ಲುತ್ತದೆ, ಎಷ್ಟು ಎಳೆದರೂ ಸಾಲದು ಅನ್ನಿಸುತ್ತದೆ. ಅದಕ್ಕೇ ನಾವು ಮೊದಲು ಹೇಳಿಕೊಡುವುದು ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡುವುದನ್ನು. ಮೂಗಿನಲ್ಲಿ ಎಳೆದು, ದೀಪ ಆರದ ಹಾಗೆ ಜ್ವಾಲೆಯನ್ನಷ್ಟೇ ಅಲುಗಿಸುವಷ್ಟು ಮೆಲ್ಲಗೆ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ಬಿಡಬೇಕು. ಏರು ಹತ್ತುವಾಗ, ಕೊಡ ಎತ್ತುವಾಗ, ಬಗ್ಗಿ ಏಳುವಾಗ, ಶ್ರಮದ ಗಳಿಗೆಯಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು.

ಇದು ಸಾಬೀತಾದ ಚಿಕಿತ್ಸೆಯಾ ಅಂತ ಅಣ್ಣ ಕೇಳಿದರೆ ಹೀಗೆ ಹೇಳಿ. ಸಿಒಪಿಡಿ ಇರುವವರಲ್ಲಿ ರಿಹ್ಯಾಬ್ ಬಗ್ಗೆ ನಡೆದ 65 ಪ್ರಯೋಗಗಳನ್ನು, ಒಟ್ಟು 3,822 ಜನರ ಫಲಿತಾಂಶವನ್ನು, ಕಾಕ್ರೇನ್ ಅನ್ನುವ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರಿಶೀಲನೆ 2015ರಲ್ಲಿ ಒಟ್ಟುಗೂಡಿಸಿತು. ದಮ್ಮು, ಸುಸ್ತು, ನಡೆಯುವ ಶಕ್ತಿ, ಮನಸ್ಸಿನ ಧೈರ್ಯ, ಎಲ್ಲದರಲ್ಲೂ ಸುಧಾರಣೆ ಕಂಡಿತು. ಎಷ್ಟು ಸ್ಪಷ್ಟವಾಗಿ ಅಂದರೆ, ರಿಹ್ಯಾಬ್ ಬೇಕೋ ಬೇಡವೋ ಅಂತ ಇನ್ನು ಹೊಸದಾಗಿ ಪರೀಕ್ಷಿಸುವ ಅಗತ್ಯವೇ ಇಲ್ಲ ಅನ್ನುವ ಮಾತು ಆಗಲೇ ಬಂತು.

ದೂರದಿಂದ ಮಾಡಿಸುವುದರ ಬಗ್ಗೆ 2021ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಪರಿಶೀಲನೆ ಬಂತು. 15 ಅಧ್ಯಯನ, 1,904 ಜನ. ಹೆಚ್ಚಿನವರಿಗೆ ಸಿಒಪಿಡಿಯೇ. ಫೋನ್, ವಿಡಿಯೋ, ವೆಬ್ ಮೂಲಕ ಮಾಡಿದವರಿಗೂ ಆಸ್ಪತ್ರೆಗೆ ಬಂದು ಮಾಡಿದವರಿಗೂ ಸಿಕ್ಕ ಲಾಭ ಹೆಚ್ಚುಕಡಿಮೆ ಒಂದೇ. ದೂರದಿಂದ ಮಾಡಿದ್ದಕ್ಕೆ ಅಪಾಯ ಹೆಚ್ಚಾಗಲಿಲ್ಲ. ನನಗೆ ತುಂಬ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ. ಆಸ್ಪತ್ರೆಗೆ ಬರಬೇಕಾದವರಲ್ಲಿ 100ಕ್ಕೆ 70 ಜನ ಪೂರ್ತಿ ಮುಗಿಸಿದರೆ, ಮನೆಯಿಂದ ಮಾಡಿದವರಲ್ಲಿ 93 ಜನ ಮುಗಿಸಿದರು. ಹೆತ್ತೂರಿನಿಂದ ಸಕಲೇಶಪುರಕ್ಕೆ ಬಂದು, ಅಲ್ಲಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಕೂತು, ಸಂಜೆ ವಾಪಸ್ ಹೋಗುವ 64ರ ಹೆಂಗಸು ಎಷ್ಟು ವಾರ ಬರಲು ಸಾಧ್ಯ? ಮೂರನೇ ವಾರಕ್ಕೆ ನಿಂತುಹೋಗುವ ಚಿಕಿತ್ಸೆಗಿಂತ ಮನೆಯಲ್ಲಿ ಎಂಟು ವಾರ ಮುಗಿಯುವ ಚಿಕಿತ್ಸೆ ಮೇಲು. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿಯ 2023ರ ಮಾರ್ಗಸೂಚಿ ಕೂಡ ಈ ಎರಡರಲ್ಲಿ ಯಾವುದು ಬೇಕೋ ಅದನ್ನು ರೋಗಿಗೆ ಕೊಡಿ ಅನ್ನುತ್ತದೆ.

ನೆಟ್‌ವರ್ಕ್ ಚಿಂತೆ ಬಿಡಿ. ಮೆಲ್ಬರ್ನ್‌ನಲ್ಲಿ ಆ್ಯನ್ ಹಾಲೆಂಡ್ ಮತ್ತು ಅವರ ತಂಡ 166 ಜನರ ಮೇಲೆ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಒಂದು ಸಲ ಮನೆಗೆ ಹೋದರು. ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ. ಅಷ್ಟೇ. ದುಬಾರಿ ಸಲಕರಣೆ ಇಲ್ಲ, ವಿಡಿಯೋ ಇಲ್ಲ. ಎಂಟು ವಾರದ ಕೊನೆಗೆ ಹೀಗೆ ಮನೆಯಲ್ಲಿ ಮಾಡಿದವರ ನಡಿಗೆಯ ಶಕ್ತಿ ಆಸ್ಪತ್ರೆಗೆ ಬಂದವರಿಗಿಂತ ಕಡಿಮೆ ಇರಲಿಲ್ಲ. ಹಾಗಾಗಿ ಮಾಮೂಲಿ ಕೀಪ್ಯಾಡ್ ಫೋನ್ ಆದರೂ ನಡೆಯುತ್ತದೆ. ವಿಡಿಯೋ ಬೇಕಾಗುವುದು ವ್ಯಾಯಾಮದ ಭಂಗಿ ಮತ್ತು ಇನ್ಹೇಲರ್ ಎಳೆಯುವ ರೀತಿ ನೋಡಲಿಕ್ಕೆ. ಅದನ್ನು ನೀವು ಊರಿಗೆ ಹೋದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದು. ಕರೆ ಬರುವ ದಿನ, ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಿ. ಕಣದ ಮೇಲ್ತುದಿಗೆ ಕರೆಗಿಂತ ಹತ್ತು ನಿಮಿಷ ಮುಂಚೆ ಹೋಗಿ ಅಮ್ಮ ಕೂತಿರಲಿ. ಏದುಸಿರು ಬಿಡುತ್ತಾ ಮಾತಾಡಿದರೆ ಆ ಕಡೆಯವರಿಗೆ ಅವರ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ.

ಸುಮ್ನೆ ಒಂದಷ್ಟು ವಿಡಿಯೋ ಲಿಂಕ್ ಕಳಿಸಿ "ದಿನಾ ಮಾಡಿ" ಅನ್ನುವುದನ್ನು ರಿಹ್ಯಾಬ್ ಅನ್ನಲು ಬರುವುದಿಲ್ಲ. ಆ ವಿಡಿಯೋದಲ್ಲಿರುವವರಿಗೆ ನಿಮ್ಮ ಅಮ್ಮನ ಮಂಡಿ, ಬಿಪಿ, ಆಕ್ಸಿಜನ್ ಯಾವುದೂ ಗೊತ್ತಿಲ್ಲ. ಅಮ್ಮನಿಗೆ ಸುಲಭವಾದಾಗ ಏರಿಸುವವರಿಲ್ಲ, ಕಷ್ಟವಾದಾಗ ಇಳಿಸುವವರಿಲ್ಲ.

ಹಾಸನಕ್ಕೆ ಒಂದು ಸಲ ಬರಲೇಬೇಕು. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗ ಇರಲಿ, ನೀವು ತೋರಿಸುತ್ತಿರುವ ಡಾಕ್ಟರೇ ಇರಲಿ. ಆ ದಿನ ಇಸಿಜಿ, ಬಿಪಿ, ಬೇಕಿದ್ದರೆ ಎಕೋ (ಹೃದಯದ ಸ್ಕ್ಯಾನ್) ಆಗಬೇಕು. ಹೃದಯದ ತೊಂದರೆ ಹತೋಟಿಗೆ ಬಾರದೆ ಇದ್ದರೆ, ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಮೊದಲು ಅದನ್ನು ನೋಡಿಕೊಳ್ಳಬೇಕು. ತೂಕ ಇಳಿಯುತ್ತಿದ್ದರೆ, ಕಫದಲ್ಲಿ ರಕ್ತ ಕಂಡಿದ್ದರೆ ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಹಿಂದೆ ಯಾವತ್ತಾದರೂ ಕ್ಷಯ ಬಂದು ವಾಸಿಯಾಗಿದ್ದರೆ ಅದನ್ನೂ ಹೇಳಿ. ಅದು ವ್ಯಾಯಾಮಕ್ಕೆ ಅಡ್ಡಿಯಲ್ಲ, ಆದರೆ ತಿಳಿದಿರಬೇಕು. ಸಿಒಪಿಡಿ ಬದಲು ಶ್ವಾಸಕೋಶ ಗಟ್ಟಿಯಾಗುವ ಐಎಲ್‌ಡಿ ಇದ್ದರೆ ಲೆಕ್ಕ ಬೇರೆ. ಅವರಿಗೆ ನಡೆಯುವಾಗ ಆಕ್ಸಿಜನ್ ತುಂಬ ಬೇಗ, ತುಂಬ ಕೆಳಗೆ ಇಳಿಯುತ್ತದೆ. ನಿಮ್ಮ ಅಮ್ಮನಿಗೆ ಊದುವ ಪರೀಕ್ಷೆ ಆಗಿರುವುದು ಒಳ್ಳೆಯದಾಯಿತು. ಆ ವರದಿ ಜೊತೆಗೆ ತನ್ನಿ.

ಅದೇ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. 30 ಮೀಟರ್ ಉದ್ದದ ಸಮತಟ್ಟಾದ ಜಾಗದಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ. ನಡುವೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಆ ದೂರದಿಂದಲೇ ಮನೆಯ ಪಾಠ ತಯಾರಾಗುತ್ತದೆ. ಅಮ್ಮ 270 ಮೀಟರ್ ನಡೆದರು ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 45 ಮೀಟರ್ ಆಯಿತು. ಅದರ 80 ಶೇಕಡಾ ಅಂದರೆ 36 ಮೀಟರ್. ನಿಮ್ಮ ಕಾಫಿ ಕಣದ ಒಂದು ಬದಿ 18 ಮೀಟರ್ ಇದ್ದರೆ, ನಿಮಿಷಕ್ಕೆ ಒಮ್ಮೆ ಹೋಗಿ ಬರಬೇಕು. ಗುರಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಮೊದಲ ದಿನವೇ ಅಲ್ಲ. ಐದು ನಿಮಿಷ ನಡೆದು, ಎರಡು ನಿಮಿಷ ಕುರ್ಚಿಯಲ್ಲಿ ಕೂತು, ಮತ್ತೆ ಐದು ನಿಮಿಷ. ಅದೂ ಆಗದಿದ್ದರೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ಕೂರುವುದು. ವಾರ ವಾರ ಕೂರುವುದು ಕಡಿಮೆಯಾಗುತ್ತಾ, ನಡಿಗೆ ಉದ್ದವಾಗುತ್ತಾ ಹೋಗಬೇಕು.

ಮಲೆನಾಡಿನ ಮನೆಗಳಿಗೆ ಕಣ ಒಂದು ವರ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಸುತ್ತ ಎಲ್ಲ ಏರು ಇಳಿಜಾರು ಇರುವ ಊರಿನಲ್ಲಿ ಅಷ್ಟು ಸಮತಟ್ಟಾದ ಸಿಮೆಂಟ್ ನೆಲ ಇನ್ನೆಲ್ಲಿ ಸಿಗುತ್ತದೆ? ಎರಡು ತುದಿಗೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಇಡಿ. ಸುತ್ತು ಎಣಿಸಲು ಕಾಫಿ ಬೀಜ ಸಾಕು, ಒಂದೊಂದು ಸುತ್ತಿಗೆ ಒಂದು ಬೀಜ ಕುರ್ಚಿಯ ಮೇಲೆ. ಆದರೆ ಕೊಯ್ಲು ಶುರುವಾದರೆ ಕಣದ ತುಂಬ ಹಣ್ಣು ಹರಡಿರುತ್ತದೆ. ಅರೇಬಿಕಾ, ರೋಬಸ್ಟಾ ಎರಡೂ ಇದ್ದರೆ ಫೆಬ್ರವರಿವರೆಗೂ ಜಾಗ ಸಿಗುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ. ಹಾಗಾಗಿ ಎರಡನೇ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ಜಗಲಿ ಹತ್ತು ಮೀಟರ್ ಇದ್ದರೂ ಸಾಕು, ಸುತ್ತು ಜಾಸ್ತಿ ಆಗುತ್ತದೆ ಅಷ್ಟೇ. ಕಾಫಿ ಸುಲಿಯುವ, ಮೆಣಸು ಬಡಿಯುವ ದಿನ ದೂಳಿನ ಹತ್ತಿರ ನಡಿಗೆ ಬೇಡ. ಡಿಸೆಂಬರ್‌ನ ಬೆಳಗಿನ ಮಂಜಿನಲ್ಲೂ ಬೇಡ. ತಣ್ಣನೆ ಗಾಳಿ ಕೊಳವೆಗಳನ್ನು ಇನ್ನಷ್ಟು ಬಿಗಿಮಾಡುತ್ತದೆ. ಹತ್ತು ಗಂಟೆಯ ಮೇಲೆ ಬಿಸಿಲು ಬಂದಾಗ ನಡೆಯಲಿ, ತಿಂಡಿ ತಿಂದು ಒಂದು ಗಂಟೆ ಆದ ಮೇಲೆ.

ನಡಿಗೆಯ ಜೊತೆ ವಾರಕ್ಕೆ ಎರಡು ಮೂರು ದಿನ ಬಲದ ವ್ಯಾಯಾಮ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಇದರಲ್ಲಿ ಮೊದಲನೆಯದು. ತೊಡೆಗೆ ಇದಕ್ಕಿಂತ ಒಳ್ಳೆಯದು ಮನೆಯಲ್ಲಿ ಸಿಗುವುದಿಲ್ಲ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಜಗಲಿಯ ಕೆಳಗಿನ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಭುಜದವರೆಗೆ ಎತ್ತುವುದು. ಒಂದೊಂದೂ ಎಂಟರಿಂದ ಹನ್ನೆರಡು ಸಲ, ನಡುವೆ ಉಸಿರು ಸುಧಾರಿಸಿಕೊಂಡು ಎರಡು ಮೂರು ಸುತ್ತು. ಹನ್ನೆರಡು ಸಲೀಸಾಗಿ ಆದರೆ ಭಾರ ಏರಿಸುವ ಹೊತ್ತು ಬಂತು ಅಂತ ಅರ್ಥ. ಬಾಟಲಿ ಒಂದು ಲೀಟರಿನದು ಆಗುತ್ತದೆ. ಎಷ್ಟೋ ಜನ ಎಂಟು ವಾರವೂ ಅದೇ ಅರ್ಧ ಲೀಟರಿನಲ್ಲಿ ನಿಂತುಬಿಡುತ್ತಾರೆ. ವಾರದ ಫೋನ್ ಇರುವುದೇ ಅದಾಗಬಾರದು ಅಂತ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಮ್ಮು ಬಂದ ಕೂಡಲೇ ನಿಲ್ಲಿಸಬೇಕಾ? ಇಲ್ಲ. ಸ್ವಲ್ಪ ದಮ್ಮು ಬರಲೇಬೇಕು, ಬರದಿದ್ದರೆ ಸ್ನಾಯು ಪಳಗುವುದಿಲ್ಲ. ಎಷ್ಟು ಅನ್ನುವುದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಬೋರ್ಗ್ ಅಳತೆ ಬಳಸುತ್ತೇವೆ. ಸೊನ್ನೆ ಅಂದರೆ ದಮ್ಮೇ ಇಲ್ಲ. ಹತ್ತು ಅಂದರೆ ಇನ್ನು ಆಗಲ್ಲ, ಪ್ರಾಣ ಹೋಗುತ್ತದೆ ಅನ್ನುವಷ್ಟು. ವ್ಯಾಯಾಮದ ಹೊತ್ತಿನಲ್ಲಿ ಮೂರು ಅಥವಾ ನಾಲ್ಕು ಇರಬೇಕು. ಅಬ್ಬಬ್ಬಾ ಅಂದರೆ ಐದು. ಅಂಕಿ ಗೊಂದಲ ಅನ್ನಿಸಿದರೆ ಮಾತಿನಲ್ಲೇ ಅಳೆಯಿರಿ. ನಡೆಯುತ್ತಾ ಒಂದು ಸಣ್ಣ ವಾಕ್ಯ ಹೇಳಲು ಬರಬೇಕು, ಹಾಡು ಹೇಳಲು ಬರಬಾರದು. ಹಾಡು ಬಂದರೆ ಜೋರಾಗಲಿ. ಒಂದೊಂದೇ ಪದ ತುಂಡಾಗಿ ಬಂದರೆ ನಿಲ್ಲಲಿ.

ಕೆಲವು ದಿನ ಅಮ್ಮ ಹೆದರುತ್ತಾರೆ. ದಮ್ಮು ಬಂದಾಗ ಇನ್ನು ನಿಲ್ಲುವುದೇ ಇಲ್ಲ ಅನ್ನಿಸುತ್ತದೆ, ಹೆದರಿಕೆಗೆ ಉಸಿರು ಇನ್ನೂ ವೇಗವಾಗುತ್ತದೆ. ಅದಕ್ಕೇ ಮೊದಲ ವಾರ ಇಡೀ ಅಣ್ಣನೋ ಅತ್ತಿಗೆಯೋ ಜೊತೆಯಲ್ಲಿ ಇರಬೇಕು. ದಮ್ಮು ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲೆ ಊರಿ ಕೂರುವುದು, ಇಲ್ಲವೇ ಗೋಡೆಗೆ ಕೈಕೊಟ್ಟು ಬಾಗಿ ನಿಲ್ಲುವುದು. ಎರಡು ಮೂರು ನಿಮಿಷದಲ್ಲಿ ಉಸಿರು ತಾನಾಗಿ ಇಳಿಯುವುದನ್ನು ಅವರೇ ನೋಡಬೇಕು. ಬಂದ ದಮ್ಮು ಹೋಗುತ್ತದೆ ಅಂತ ಮೈಗೆ ಒಮ್ಮೆ ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ನಿಮ್ಮ ಅಣ್ಣನೂ ಪಕ್ಕದಲ್ಲಿ ನಿಂತು ಅದನ್ನು ನೋಡಲಿ ಅನ್ನುವುದು ನನ್ನ ಆಸೆ.

87ರ ವಿಷಯ. ವ್ಯಾಯಾಮದ ಹೊತ್ತಿನಲ್ಲಿ 88ಕ್ಕಿಂತ ಕೆಳಗೆ ಹೋದರೆ ನಿಂತು, ಉಸಿರು ಬಿಡುವ ಕ್ರಮ ಮಾಡಿ, 90ರ ಮೇಲೆ ಬಂದ ನಂತರ ಮುಂದುವರಿಯಬೇಕು. ಏರಿನಲ್ಲಿ 87 ಬಂದಿದೆ ಅಂದರೆ ಸಮತಟ್ಟಾದ ಕಣದಲ್ಲಿ ಅಷ್ಟು ಇಳಿಯದೆ ಇರಬಹುದು. ಆಸ್ಪತ್ರೆಯ ನಡಿಗೆ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಅಲ್ಲೂ ಇಳಿದರೆ ವ್ಯಾಯಾಮದ ಹೊತ್ತಿಗೆ ಮಾತ್ರ ಆಕ್ಸಿಜನ್ ಬೇಕಾ ಅಂತ ಡಾಕ್ಟರು ಹೇಳುತ್ತಾರೆ. ಆಕ್ಸಿಮೀಟರನ್ನು ಪೂರ್ತಿ ನಂಬಲೂಬೇಡಿ. ಮಳೆಗಾಲದಲ್ಲಿ ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ. ಉಗುರು ಬಣ್ಣ, ದಟ್ಟ ಮದರಂಗಿ ಇಲ್ಲದ ಬೆರಳಿಗೆ ಹಾಕಿ. ಕಪ್ಪು ಚರ್ಮದವರಲ್ಲಿ ಈ ಉಪಕರಣ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು ಅಂತಲೂ ಗೊತ್ತಾಗಿದೆ. ಅದಕ್ಕೇ 89 ಇದೆಯಲ್ಲ ಅಂತ, ತುಟಿ ನೀಲಿಯಾದರೂ ನಡೆಸುವುದು ತಪ್ಪು. ಅಂಕಿ, ಅಮ್ಮನ ಮುಖ, ಅಮ್ಮನ ಮಾತು ಮೂರನ್ನೂ ನೋಡಬೇಕು.

ಆಕ್ಸಿಜನ್ ಮಿಷನ್ ಈಗಲೇ ತರಬೇಡಿ. ಕೂತಾಗಲೇ 88 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ. 1980 ಮತ್ತು 1981ರಲ್ಲಿ ಬಂದ ಅಮೆರಿಕ, ಬ್ರಿಟನ್ನಿನ ಎರಡು ಅಧ್ಯಯನಗಳಿಂದ ಅದು ಗೊತ್ತಾದದ್ದು. ಆದರೆ ನಿಮ್ಮ ಅಮ್ಮನ ಹಾಗೆ ಕೂತಾಗ 89ರಿಂದ 93 ಇರುವವರು, ಇಲ್ಲವೇ ನಡೆದಾಗ ಮಾತ್ರ ಇಳಿಯುವವರು, ಒಟ್ಟು 738 ಜನರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ 2016ರಲ್ಲಿ ಬಂತು. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರು ಹೆಚ್ಚು ಕಾಲ ಬದುಕಲಿಲ್ಲ, ಆಸ್ಪತ್ರೆಗೆ ಸೇರುವುದೂ ಕಡಿಮೆಯಾಗಲಿಲ್ಲ. ಕೆಲವು ಸಿಒಪಿಡಿ ರೋಗಿಗಳಲ್ಲಿ ಬೇಕಾಬಿಟ್ಟಿ ಆಕ್ಸಿಜನ್ ಕೊಟ್ಟರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಒಲೆ ಉರಿಯುವ ಮನೆಯಲ್ಲಿ ಬೆಂಕಿಯ ಅಪಾಯ ಬೇರೆ. ಆ ದುಡ್ಡು ಇಟ್ಟುಕೊಂಡಿರಿ.

ಮೊದಲ ವಿಡಿಯೋದಲ್ಲೇ ಇನ್ಹೇಲರ್ ಎಳೆಯುವುದನ್ನು ತೋರಿಸಿ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಾಣಿಕೆ ತಪ್ಪಿ ಔಷಧಿಯೆಲ್ಲ ಗಂಟಲಿನಲ್ಲೇ ಉಳಿಯುವುದು ತುಂಬ ಮಾಮೂಲು. ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಕೊಳವೆ ಹಾಕಿದರೆ ಸುಲಭ. ಬೇಗ ಆರಾಮ ಕೊಡುವ ಇನ್ಹೇಲರ್ ಬರೆದುಕೊಟ್ಟಿದ್ದರೆ ವ್ಯಾಯಾಮಕ್ಕೆ 15 ನಿಮಿಷ ಮುಂಚೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಡಾಕ್ಟರ ಸಲಹೆಗೆ ಪ್ರತಿ ಸಲ ಹಾಸನಕ್ಕೆ ಬರಬೇಕಾಗಿಲ್ಲ. ದೂರದಿಂದಲೇ ಡಾಕ್ಟರನ್ನು ಕಾಣುವ, 2019ರಲ್ಲಿ ಶುರುವಾದ ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಅದು ಡಾಕ್ಟರ ಜೊತೆ ಮಾತಾಡಲಿಕ್ಕೆ, ರಿಹ್ಯಾಬ್ ಬದಲಿಗೆ ಅಲ್ಲ.

ಹೊಗೆಯ ಬಗ್ಗೆ ಖಡಾಖಂಡಿತ ಹೇಳುತ್ತೇನೆ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆಗೆ ಇನ್ನೂ ಸೌದೆಯೇ. ಬೆಳಿಗ್ಗೆ ಐದಕ್ಕೆ ಎದ್ದು ಹಸಿ ಸೌದೆ ಊದಿ ಊದಿ ಉರಿ ಮಾಡುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರೇ. "ಗ್ಯಾಸ್ ಇದೆ, ಹೊಗೆ ಇಲ್ಲ" ಅಂತ ಡಾಕ್ಟರಿಗೆ ಹೇಳುವಾಗ ಈ ಒಲೆ ಯಾರಿಗೂ ನೆನಪಾಗುವುದಿಲ್ಲ. ಸೌದೆ ಹೊಗೆಯ ಹಾನಿಯನ್ನು ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಅಂತ ಗುಣಿಸಿ ಅಳೆಯುತ್ತಾರೆ. ನಿಮ್ಮ ಅಮ್ಮನ ಲೆಕ್ಕ ಈಗಾಗಲೇ ದೊಡ್ಡದಿದೆ, ಇನ್ನು ಒಂದು ದಿನವೂ ಸೇರಬಾರದು. ಬಚ್ಚಲ ಒಲೆ ಹಚ್ಚುವುದು ಅಣ್ಣನ ಕೆಲಸ ಆಗಲಿ. ಒಲೆಯ ಬಾಯಿ ಒಳಗಿದ್ದರೆ ಹೊರಗೆ ಮಾಡಿಸಿ. ಗ್ಯಾಸ್ ಗೀಸರ್ ಹಾಕಿಸುವುದಾದರೆ ಮುಚ್ಚಿದ ಬಚ್ಚಲಿನೊಳಗೆ ಬೇಡ, ಅದರ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಕೊಟ್ಟಿಗೆ ಕೆಲಸ ಪೂರ್ತಿ ಬಿಡಿಸಬೇಡಿ. ಹುಲ್ಲಿನ ದೂಳು ಕೊಡವುವುದು ಬೇರೆಯವರು ಮಾಡಲಿ, ಹಾಲು ಕರೆಯುವುದು ಅಮ್ಮನೇ ಮಾಡಲಿ. ಕೈ ತಲೆಯ ಮೇಲೆ ಹೋಗುವ ಕೆಲಸದಲ್ಲಿ ದಮ್ಮು ಬೇಗ ಬರುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿ. ಸ್ನಾನಕ್ಕೆ ಸ್ಟೂಲ್ ಇಡಿ. ಊಟ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಹೊಟ್ಟೆ ಬಿರಿಯುವಷ್ಟು ಉಂಡರೆ, ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗ ಇರುವುದಿಲ್ಲ. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇಲ್ಲದಿದ್ದರೆ ಮೊಳಕೆ ಹುರುಳಿ, ಬೇಳೆ, ಮೊಸರು.

ಪ್ರಾಣಾಯಾಮ ಮಾಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಧಾನದ ಉಸಿರಾಟ ಒಳ್ಳೆಯದು. ಕಪಾಲಭಾತಿ ಬೇಡ. ಜೋರಾಗಿ ತಳ್ಳಿದರೆ ಸಡಿಲವಾದ ಕೊಳವೆಗಳು ಮುಚ್ಚಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಉಸಿರು ಹಿಡಿಯುವ ಕುಂಭಕವೂ ಬೇಡ. ಮೂರು ಗುಂಡು ಮೇಲೇರುವ ಪ್ಲಾಸ್ಟಿಕ್ ಸಾಧನ ಹೆಚ್ಚಾಗಿ ಆಪರೇಷನ್ ಆದವರಿಗೆ ಕೊಡುವಂಥದ್ದು. ಅದರಲ್ಲಿ ಗುಂಡು ಎತ್ತಿದ್ದನ್ನೇ ವ್ಯಾಯಾಮ ಅಂದುಕೊಂಡು ನಡಿಗೆ ಬಿಟ್ಟವರನ್ನು ನಾನು ತುಂಬ ನೋಡುತ್ತೇನೆ. ಗುಂಡು ಮೇಲೇರಿದ್ದಕ್ಕೆ ಕಾಲಿಗೆ ಬಲ ಬರುವುದಿಲ್ಲ.

ಅಪಾಯದ ಬಗ್ಗೆ. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಮಂಪರು ಅಥವಾ ಅಸಂಬದ್ಧ ಮಾತು, ಹತ್ತು ನಿಮಿಷ ಕೂತರೂ ಇಳಿಯದ ದಮ್ಮು, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ 108ಕ್ಕೆ ಕರೆ ಮಾಡಿ. ನಿಮ್ಮ ಕಡೆಯ ತೋಟದ ರಸ್ತೆಗೆ ಆಂಬ್ಯುಲೆನ್ಸ್ ಬರಲು ಹೊತ್ತಾಗುತ್ತದೆ. ಪಕ್ಕದ ಯಾರ ಮನೆಯಲ್ಲಿ ಜೀಪ್ ಇದೆ, ಅವರ ನಂಬರ್ ಏನು ಅನ್ನುವುದನ್ನು ಗೋಡೆಯ ಮೇಲೆ ಬರೆದಿಡಿ. ಫಿಸಿಯೋಥೆರಪಿಸ್ಟ್ ಹತ್ತಿರವೂ ಆ ನಂಬರ್ ಇರಲಿ. ಅಮ್ಮ ಕಣದ ಮೇಲಿದ್ದಾಗ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಯಾರಾದರೂ ಇರಬೇಕು.

ಕಫ ಜಾಸ್ತಿಯಾಗಿ ಹಳದಿ ಹಸಿರು ಬಣ್ಣಕ್ಕೆ ತಿರುಗಿದರೆ, ದಮ್ಮು ಮಾಮೂಲಿಗಿಂತ ಹೆಚ್ಚಾದರೆ, ಕಾಲು ಊದಿದರೆ ಆವತ್ತೇ ಡಾಕ್ಟರ ಜೊತೆ ಮಾತಾಡಿ. ಮಳೆಗಾಲದಲ್ಲಿ ಇದು ಒಮ್ಮೆಯಾದರೂ ಬರುವ ಸಂಭವ ಇದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆ ಡಾಕ್ಟರು ಹೇಳಿದ ಹಾಗೆ ಹಾಕಿಸಿ. ಕಾಯಿಲೆ ಜೋರಾದ ದಿನಗಳಲ್ಲಿ ವ್ಯಾಯಾಮಕ್ಕೆ ರಜೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ಮಲಗಿಸಬೇಡಿ. ಸುಧಾರಿಸಿದ ಮೂರು ನಾಲ್ಕು ವಾರದೊಳಗೆ ಮತ್ತೆ ಶುರು ಮಾಡಿದರೆ ಪುನಃ ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆ. ನಿಲ್ಲಿಸಿದ ಮಟ್ಟದಿಂದಲ್ಲ, ಎರಡು ಮೆಟ್ಟಿಲು ಕೆಳಗಿನಿಂದ.

ಎಂಟು ವಾರ ಆದ ಮೇಲೆ ಮತ್ತೊಮ್ಮೆ ಹಾಸನಕ್ಕೆ ಬಂದು ಅದೇ ಆರು ನಿಮಿಷದ ನಡಿಗೆ ಮಾಡಿಸಿ. 30 ಮೀಟರ್ ಹೆಚ್ಚಾಗಿದ್ದರೆ ಅದು ದೇಹಕ್ಕೆ ಗೊತ್ತಾಗುವಷ್ಟು ಸುಧಾರಣೆ. ಬರಲು ಆಗದಿದ್ದರೆ ಮನೆಯಲ್ಲೇ ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸಿ. ಶುರುವಿನಲ್ಲೂ ಕೊನೆಯಲ್ಲೂ ಅದೇ ಕುರ್ಚಿ ಇರಬೇಕು. ಮೂರು ಸಲ ಹೆಚ್ಚಾದರೂ ಅದಕ್ಕೆ ಬೆಲೆ ಇದೆ. ಆಮೇಲೆ ಬಿಟ್ಟುಬಿಟ್ಟರೆ ಗಳಿಸಿದ್ದು ಕರಗುತ್ತದೆ. ಮೆಲ್ಬರ್ನ್‌ನ ಆ ಪ್ರಯೋಗದಲ್ಲಿ ಒಂದು ವರ್ಷದ ನಂತರ ಮನೆಯಲ್ಲಿ ಮಾಡಿದವರೂ ಆಸ್ಪತ್ರೆಗೆ ಬಂದು ಮಾಡಿದವರೂ ಲಾಭ ಉಳಿಸಿಕೊಂಡಿರಲಿಲ್ಲ. ಹಾಗಾಗಿ ವಾರದ ಕರೆ ನಿಂತರೂ ತಿಂಗಳಿಗೊಂದು ಕರೆ ಇರುತ್ತದಾ ಅಂತ ಈಗಲೇ ಆ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ. ಮೊದಲ ದಿನ ನೇರವಾಗಿ ನೋಡುತ್ತೀರಾ, ಪ್ರತಿ ವಾರ ನೀವೇ ಕರೆ ಮಾಡುತ್ತೀರಾ ಅಥವಾ ಯಾರೋ ಬೇರೆಯವರಾ, ಉಸಿರಿನ ಕಾಯಿಲೆಯವರಿಗೆ ಮೊದಲು ಮಾಡಿಸಿದ್ದೀರಾ, ನಮ್ಮ ಡಾಕ್ಟರ ಜೊತೆ ಮಾತಾಡುತ್ತೀರಾ ಅಂತಲೂ ಕೇಳಿ. ಸಮಾಧಾನದ ಉತ್ತರ ಬಂದರೆ ಹಾಸನದ ಪರೀಕ್ಷೆಗೆ ದಿನ ಗೊತ್ತುಮಾಡಿ. ಬರುವಾಗ ಅಮ್ಮನ ಹಳೆಯ ವರದಿ, ಈಗ ಬಳಸುತ್ತಿರುವ ಇನ್ಹೇಲರ್‌ಗಳು, ಮನೆಯ ಆಕ್ಸಿಮೀಟರ್ ಮೂರನ್ನೂ ತನ್ನಿ. ಆಸ್ಪತ್ರೆಯ ಆಕ್ಸಿಮೀಟರ್ ಪಕ್ಕದಲ್ಲಿ ನಿಮ್ಮದನ್ನೂ ಹಾಕಿ ಎರಡೂ ಒಂದೇ ತೋರಿಸುತ್ತವಾ ಅಂತ ಅಲ್ಲೇ ನೋಡಿಕೊಳ್ಳಬಹುದು.